ಆಪರೇಷನ್ನಿಗೆ ಹೋಗುವಾಗ, ಬರುವಾಗ ನಾವು ಏನು ನೋಡಿಕೊಳ್ಳಬೇಕು?

(ಸವಳಂಗದಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಸಂಘಗಳ ಸಾಲದ ಪುಸ್ತಕ ತೆರೆದು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಹಸು ಕೊಳ್ಳಲು, ಮಕ್ಕಳ ಫೀಸಿಗೆ, ಮೆಕ್ಕೆಜೋಳದ ಬೀಜ-ಗೊಬ್ಬರಕ್ಕೆ ಎಂದು ಬರೆದಿರುವ ಸಾಲುಗಳ ನಡುವೆ “ಆಸ್ಪತ್ರೆ ಖರ್ಚು” ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಸಿಸೇರಿಯನ್, ಗರ್ಭಕೋಶದ ಆಪರೇಷನ್, ಹರ್ನಿಯಾ, ಅಪೆಂಡಿಕ್ಸ್, ಕಾಲು ಮುರಿತ, ಹೀಗೆ ಒಂದಲ್ಲ ಒಂದು. ದುಡ್ಡು ಹೇಗೆ ಹೊಂದಿಸಬೇಕು ಎಂದು ನಾವು ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇವೆ. ಯಾವ ಡಾಕ್ಟರ್ ಒಳ್ಳೆಯವರು ಎಂದೂ ಮಾತಾಡಿದ್ದೇವೆ. ಆದರೆ ವಾರ್ಡಿನ ಮಂಚದಿಂದ ಥಿಯೇಟರಿನ ಬಾಗಿಲಿಗೆ, ಅಲ್ಲಿಂದ ಮತ್ತೆ ಮಂಚಕ್ಕೆ, ಮಂಚದಿಂದ ನಮ್ಮ ಊರಿಗೆ ರೋಗಿಯನ್ನು ಹೇಗೆ ಸಾಗಿಸಬೇಕು ಎಂಬುದರ ಬಗ್ಗೆ ಮಾತ್ರ ನಾವು ಮಾತಾಡಿದ್ದು ಕಡಿಮೆ. “ಅದೇನ್ ದೊಡ್ಡ ವಿಷ್ಯ, ತಳ್ಕೊಂಡ್ ಹೋಗೋದು ತಾನೇ” ಅಂತ ಅನ್ನಿಸುತ್ತದೆ. ಅದು ಅಷ್ಟು ಸಣ್ಣ ವಿಷಯ ಅಲ್ಲ. ಸಾಗಿಸುವುದೂ ಚಿಕಿತ್ಸೆಯ ಒಂದು ಭಾಗ. ಇವತ್ತು ನಾವು ಹೇಳಬೇಕೆಂದಿರುವುದು ಇದೊಂದೇ ಮಾತು.

ನಮ್ಮ ಸವಳಂಗದ ಸ್ಥಿತಿ ನಿಮಗೆ ಗೊತ್ತೇ ಇದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ ತಾಲ್ಲೂಕು ಶಿವಮೊಗ್ಗದಿಂದ ಆ ಕಡೆಗೆ ಹೋಯಿತು. ಈಗ ನ್ಯಾಮತಿಯೇ ನಮ್ಮ ತಾಲ್ಲೂಕು. ಕಾಗದದಲ್ಲಿ ನಾವು ದಾವಣಗೆರೆಯವರು. ಆದರೆ ಆಪರೇಷನ್ ಅಂದ ತಕ್ಷಣ ನಮ್ಮಲ್ಲಿ ಬಹಳ ಮಂದಿ ಹತ್ತುವುದು ಶಿವಮೊಗ್ಗದ ಬಸ್ಸು. ಅಲ್ಲಿ ಗುರುತಿನವರು ಕಡಿಮೆ, ಆಸ್ಪತ್ರೆ ದೊಡ್ಡದು, ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ಆದ್ದರಿಂದ ಇಲ್ಲೇ, ನಮ್ಮ ಊರಲ್ಲೇ, ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

2017ರ ಜೂನ್ ತಿಂಗಳಲ್ಲಿ ಟಿ.ವಿ.ಯಲ್ಲಿ, ಪತ್ರಿಕೆಗಳಲ್ಲಿ ಬಂದ ಒಂದು ದೃಶ್ಯ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಎದ್ದು ನಡೆಯಲಾರದ ತಮ್ಮ ಗಂಡನನ್ನು ಎಕ್ಸ್‌ರೇ ತೆಗೆಸಲು, ಸ್ಟ್ರೆಚರ್ ಸಿಗದೆ, ಕಾಲು ಹಿಡಿದು ನೆಲದ ಮೇಲೆ ಎಳೆದುಕೊಂಡು ಹೋದರು. ರಾಜ್ಯವೆಲ್ಲ ಅದನ್ನು ನೋಡಿ ಮರುಗಿತು. ಸಿಬ್ಬಂದಿಯ ಮೇಲೆ ಕ್ರಮವೂ ಆಯಿತು. ಆ ತಾಯಿಯದು ತಪ್ಪಲ್ಲ. ಆ ಗಳಿಗೆಯಲ್ಲಿ ಅವರಿಗೆ ಬೇರೆ ದಾರಿ ಕಾಣಲಿಲ್ಲ. ಆದರೆ ನಾವು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಆ ದಿನ ಅವರ ಪಕ್ಕದಲ್ಲಿ ಇನ್ನಿಬ್ಬರು ಹೆಂಗಸರು ಇದ್ದಿದ್ದರೆ? ಒಬ್ಬರು ರೋಗಿಯ ಹತ್ತಿರ ಕೂತು, ಇನ್ನೊಬ್ಬರು ಹೋಗಿ “ಸ್ಟ್ರೆಚರ್ ಬರುವ ತನಕ ನಾವು ಇಲ್ಲಿಂದ ಅಲುಗಾಡಲ್ಲ ಸಿಸ್ಟರ್, ಕಳಿಸಿಕೊಡಿ” ಎಂದು ಕೇಳಿದ್ದರೆ? ಸ್ವಸಹಾಯ ಸಂಘ ಇರುವುದು ಇಂಥ ದಿನಕ್ಕೇ ಅಲ್ಲವೇ?

ಹೋಗುವ ಮೊದಲು

ಮೊದಲನೆಯದು ಹೊಟ್ಟೆ. ಆಪರೇಷನ್ನಿಗೆ ಮೊದಲು ಖಾಲಿ ಹೊಟ್ಟೆಯಲ್ಲಿರಿ ಎಂದು ಯಾಕೆ ಹೇಳುತ್ತಾರೆ? ಮತ್ತು ಬರುವ ಔಷಧಿ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅದು ಜೀವಕ್ಕೇ ಅಪಾಯ. ದೊಡ್ಡವರಿಗೆ ಸಾಮಾನ್ಯವಾಗಿ ಲಘು ಊಟವಾದ ಮೇಲೆ ಕನಿಷ್ಠ 6 ಗಂಟೆ, ಬರೀ ನೀರು ಕುಡಿದ ಮೇಲೆ 2 ಗಂಟೆ ಬಿಡಬೇಕು. ಎಣ್ಣೆ-ಮಾಂಸದ ಊಟವಾದರೆ ಇನ್ನೂ ಹೆಚ್ಚು. ನಿಮ್ಮ ಡಾಕ್ಟರ್ ಯಾವ ಹೊತ್ತು ಹೇಳಿದರೋ ಅದೇ ನಿಮಗೆ ಲೆಕ್ಕ. “ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಒಂದ್ ಲೋಟ ಟೀ ಕುಡೀಲಿ” ಎಂದು ಪ್ರೀತಿಯಿಂದ ಕೊಡುವವರು ನಾವೇ. ಹಾಲು ಹಾಕಿದ ಟೀ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಅಕಸ್ಮಾತ್ ಕುಡಿದುಬಿಟ್ಟಿದ್ದರೆ ಮುಚ್ಚಿಡಬೇಡಿ. ಹೇಳಿದರೆ ಆಪರೇಷನ್ ಮುಂದಕ್ಕೆ ಹೋಗಬಹುದು, ಸಿಸ್ಟರ್ ಬೈಯಲೂಬಹುದು. ಬೈಸಿಕೊಳ್ಳೋಣ, ಜೀವ ಉಳಿಯುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಆ ದಿನ ನುಂಗಬೇಕೋ ಬಿಡಬೇಕೋ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ.

ಎರಡನೆಯದು ಒಡವೆ. ಬಳೆ, ಮೂಗುತಿ, ಓಲೆ, ಕಾಲುಂಗುರ, ತಲೆಯ ಪಿನ್ನು ಎಲ್ಲ ತೆಗೆಯಿರಿ ಎನ್ನುತ್ತಾರೆ. ರಕ್ತ ನಿಲ್ಲಿಸಲು ಥಿಯೇಟರಿನಲ್ಲಿ ಕರೆಂಟಿನ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹವಿದ್ದರೆ ಅಲ್ಲಿ ಸುಡುವ ಸಂಭವವಿದೆ. ಕೈ ಊದಿಕೊಂಡರೆ ಉಂಗುರ, ಬಳೆ ಬಿಗಿಯಾಗುತ್ತವೆ. ತಾಳಿಯ ವಿಷಯ ಬಂದಾಗ ನಮ್ಮಲ್ಲಿ ಬಹಳ ಜನ ಅಳುತ್ತಾರೆ. ಅತ್ತೆ ಮಾವ ಬೇಡವೆನ್ನುತ್ತಾರೆ. ತಾಳಿ ತೆಗೆದು ಬರೀ ಅರಿಶಿನದ ದಾರ ಕಟ್ಟಿಕೊಳ್ಳಬಹುದೇ ಎಂದು ಸಿಸ್ಟರನ್ನು ಕೇಳಿ. ಥಿಯೇಟರಿನ ಬಾಗಿಲಲ್ಲಿ ನಿಂತು ಜಗಳ ಮಾಡುವ ಬದಲು ಮನೆಯಲ್ಲೇ ಮಾತಾಡಿ ತೀರ್ಮಾನಿಸಿಕೊಂಡು ಬನ್ನಿ. ತೆಗೆದ ಒಡವೆಯನ್ನು ಯಾರ ಕೈಗೆ ಕೊಟ್ಟಿರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೂಗುತಿ ಬರಲೊಲ್ಲದು ಅಂದರೆ ಮೊದಲೇ ತಿಳಿಸಿ.

ಕಟ್ಟಿಸಿದ ಹಲ್ಲು ಇದ್ದರೆ ತೆಗೆದಿಡಬೇಕು. ಅದು ಗಂಟಲಿಗೆ ಜಾರಬಹುದು. ಉಗುರಿಗೆ ಬಣ್ಣ, ಬೆರಳ ತುದಿಗೆ ಮೆಹಂದಿ ಹಚ್ಚಿರಬಾರದು. ಬೆರಳಿಗೆ ಸಿಕ್ಕಿಸುವ ಸಣ್ಣ ಯಂತ್ರ ರಕ್ತದಲ್ಲಿರುವ ಆಮ್ಲಜನಕವನ್ನು ಅಳೆಯುತ್ತದೆ, ಬಣ್ಣವಿದ್ದರೆ ಅದು ಸರಿಯಾಗಿ ತೋರಿಸದೆ ಇರಬಹುದು.

ಹೆಸರು ಬಾಯಿಬಿಟ್ಟು ಹೇಳಿ

ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ, ಮೂವರು ಮಂಜುಳಾ ಇರುವುದು ನಮ್ಮ ಕಡೆ ಹೊಸದೇನಲ್ಲ. ಕರೆದುಕೊಂಡು ಹೋಗಲು ಬಂದವರು “ನೀವು ಲಕ್ಷ್ಮಮ್ಮನಾ?” ಎಂದು ಕೇಳಿದರೆ, ಕಿವಿ ಸರಿಯಾಗಿ ಕೇಳದಿದ್ದರೂ, ಹೆದರಿಕೆಗೋ ಮರ್ಯಾದೆಗೋ “ಹೂಂ” ಅಂದುಬಿಡುತ್ತೇವೆ. “ಹೂಂ” ಅನ್ನುವುದು ಸಾಲದು. ರೋಗಿಯೇ ತನ್ನ ಬಾಯಿಂದ ತನ್ನ ಹೆಸರು, ಊರು, ಯಾವ ಆಪರೇಷನ್, ಎಡಗಡೆಯೋ ಬಲಗಡೆಯೋ ಎಂಬುದನ್ನು ಹೇಳಬೇಕು. ಕೈಗೆ ಕಟ್ಟಿದ ಪಟ್ಟಿಯಲ್ಲಿ ಬರೆದಿರುವುದು, ಫೈಲಿನಲ್ಲಿರುವುದು, ಬಾಯಲ್ಲಿ ಹೇಳಿದ್ದು, ಮೂರೂ ಒಂದೇ ಆಗಿರಬೇಕು.

ಇನ್ನೊಂದು ತೊಡಕೂ ನಮ್ಮಲ್ಲಿದೆ. ಫೈಲಿನಲ್ಲಿ “ಗಂಡನ ಹೆಸರು” ಎಂದು ಇರುತ್ತದೆ. ನಮ್ಮ ಹಿರಿಯರು ಯಜಮಾನರ ಹೆಸರು ಹೇಳುವುದಿಲ್ಲ. ನಕ್ಕು ಸುಮ್ಮನಾಗುತ್ತಾರೆ, ಇಲ್ಲವೇ “ಅವಳನ್ನೇ ಕೇಳಿ” ಎಂದು ಮಗಳ ಕಡೆ ಕೈ ತೋರಿಸುತ್ತಾರೆ. ಮಗಳು ಥಿಯೇಟರಿನ ಒಳಗೆ ಬರುವಂತಿಲ್ಲವಲ್ಲ! ಅಂಥವರಿದ್ದರೆ ಒಂದು ಚೀಟಿಯಲ್ಲಿ ಅವರ ಹೆಸರು, ಗಂಡನ ಹೆಸರು, ಊರು, ವಯಸ್ಸು, ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನು ಬರೆದು ಫೈಲಿನ ಜೊತೆಗೆ ಸಿಸ್ಟರ್ ಕೈಗೆ ಕೊಡಿ.

ಇದು ನಾವು ಸುಮ್ಮನೆ ಹೇಳುವ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ನಿಗೆಂದು ಒಂದು ಪುಟದ ಪಟ್ಟಿ ತಯಾರಿಸಿತು. ಮತ್ತು ಕೊಡುವ ಮೊದಲು, ಕೊಯ್ಯುವ ಮೊದಲು, ರೋಗಿ ಥಿಯೇಟರಿನಿಂದ ಹೊರಡುವ ಮೊದಲು, ಹೀಗೆ ಮೂರು ಸಲ ನಿಂತು ಎಲ್ಲರಿಗೂ ಕೇಳುವಂತೆ ಓದಿ ಗುರುತು ಹಾಕುವ 19 ಅಂಶಗಳು ಅದರಲ್ಲಿವೆ. ರೋಗಿ ಯಾರು, ಯಾವ ಜಾಗಕ್ಕೆ ಆಪರೇಷನ್ ಎಂದು ರೋಗಿಯಿಂದಲೇ ಖಚಿತಪಡಿಸಿಕೊಳ್ಳುವುದು ಅದರಲ್ಲಿ ಮೊಟ್ಟಮೊದಲನೆಯದು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲು ಸಾವಿರ ರೋಗಿಗಳಲ್ಲಿ 15 ಮಂದಿ ಸಾಯುತ್ತಿದ್ದ ಕಡೆ ಆಮೇಲೆ 8 ಮಂದಿಗೆ ಇಳಿದಿತ್ತು. ಹೊಸ ಯಂತ್ರ ಬಂದದ್ದರಿಂದ ಅಲ್ಲ, ಕೇಳಿ ಹೇಳಿ ಖಚಿತ ಮಾಡಿಕೊಂಡದ್ದರಿಂದ. ನಾವು ತಿಂಗಳ ಸಭೆಯಲ್ಲಿ ಉಳಿತಾಯದ ಲೆಕ್ಕ ಗಟ್ಟಿಯಾಗಿ ಓದಿ ಎಲ್ಲರೂ ಒಪ್ಪಿದ ಮೇಲೆ ಸಹಿ ಹಾಕುವುದಿಲ್ಲವೇ? ಇದೂ ಹಾಗೇ.

ಸ್ಟ್ರೆಚರ್ ಮೇಲೆ

ಮತ್ತಿನ ಇಂಜೆಕ್ಷನ್ ಅಥವಾ ನಿದ್ದೆ ಬರುವ ಮಾತ್ರೆ ಕೊಟ್ಟ ಮೇಲೆ ರೋಗಿ ನಡೆಯಬಾರದು. “ನಾನು ಗಟ್ಟಿಯಿದ್ದೀನಿ, ನಡ್ಕೊಂಡೇ ಬರ್ತೀನಿ” ಎಂದರೂ ಬೇಡ. ಬಚ್ಚಲಿಗೆ ಹೋಗುವುದಿದ್ದರೆ ಅದಕ್ಕೂ ಮೊದಲೇ ಮುಗಿಸಿಕೊಳ್ಳಲಿ.

ಮಂಚದಿಂದ ಸ್ಟ್ರೆಚರಿಗೆ ದಾಟಿಸುವುದು ಆಸ್ಪತ್ರೆಯವರ ಕೆಲಸ. ಕೆಲವು ಕಡೆ ಆಳು ಸಾಲದೆ “ಮನೆಯವರು ಸ್ವಲ್ಪ ಕೈ ಹಾಕಿ” ಎನ್ನುತ್ತಾರೆ. ಸಹಾಯ ಮಾಡೋಣ, ಆದರೆ ಅವರು ಹೇಳಿದಂತೆ ಮಾತ್ರ. ಅಡಿಕೆ ಮೂಟೆ ಎತ್ತಿದ ಹಾಗೆ ಒಬ್ಬರು ರಟ್ಟೆ, ಒಬ್ಬರು ಕಾಲು ಹಿಡಿದು ಎತ್ತುವುದಲ್ಲ. ರಟ್ಟೆ ಎಳೆದರೆ ಭುಜ ತಪ್ಪಬಹುದು, ನಮ್ಮ ಸೊಂಟವೂ ಹಿಡಿಯುತ್ತದೆ. ಕ್ರಮ ಹೀಗಿದೆ:

– ಮೊದಲು ಸ್ಟ್ರೆಚರಿನ ಚಕ್ರಕ್ಕೆ ಬ್ರೇಕ್ ಹಾಕಿದ್ದಾರೋ ನೋಡಿ. ಮಂಚ ಮತ್ತು ಸ್ಟ್ರೆಚರ್ ಒಂದಕ್ಕೊಂದು ತಾಗಿ ನಿಂತಿರಲಿ.
– ಡ್ರಿಪ್ಪಿನ ನಳಿಕೆ, ಮೂತ್ರದ ಚೀಲ, ಬೇರೆ ಟ್ಯೂಬು ಎಲ್ಲಿವೆ ಎಂದು ನೋಡಿಕೊಳ್ಳಿ. ಯಾವುದೂ ಸಿಕ್ಕಿಕೊಂಡಿರಬಾರದು.
– ರೋಗಿಯ ಕೆಳಗಿರುವ ಬೆಡ್‌ಶೀಟನ್ನು ಎರಡೂ ಬದಿ ಹಿಡಿದು, ಒಬ್ಬರು ತಲೆ-ಕುತ್ತಿಗೆಗೆ ಆಧಾರ ಕೊಟ್ಟು, “ಒಂದು, ಎರಡು, ಮೂರು” ಎಂದು ಎಲ್ಲರೂ ಒಟ್ಟಿಗೆ ಸರಿಸಬೇಕು. ಮತ್ತಿನಲ್ಲಿರುವವರ ಕುತ್ತಿಗೆ ತಾನಾಗಿ ನಿಲ್ಲುವುದಿಲ್ಲ.
– ದಾಟಿಸಿದ ಕೂಡಲೇ ಎರಡೂ ಬದಿಯ ಕಂಬಿ ಮೇಲೆತ್ತಬೇಕು. ಬೆಲ್ಟ್ ಇದ್ದರೆ ಕಟ್ಟಬೇಕು.

ತಳ್ಳುವಾಗ ಕಾಲು ಮುಂದೆ, ತಲೆ ಹಿಂದೆ ಇರಬೇಕು. ತಳ್ಳುವವರಿಗೆ ರೋಗಿಯ ಮುಖ ಕಾಣುತ್ತಿರಬೇಕು. ಇಳಿಜಾರು ದಾರಿಯಲ್ಲಿ ತಲೆಯ ಕಡೆ ಯಾವಾಗಲೂ ಎತ್ತರದಲ್ಲಿರಲಿ: ಹತ್ತುವಾಗ ತಲೆ ಮುಂದೆ, ಇಳಿಯುವಾಗ ಕಾಲು ಮುಂದೆ. ಓಡಿಸಬಾರದು. ಬಾಗಿಲು, ಲಿಫ್ಟಿನ ಹತ್ತಿರ ರೋಗಿಯ ಕೈ, ಮೊಣಕೈ ಹೊರಗೆ ಚಾಚಿರಬಾರದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟವರಿಗೆ ಸೊಂಟದ ಕೆಳಗೆ ಹಲವು ಗಂಟೆ ಸ್ಪರ್ಶವೇ ಗೊತ್ತಾಗುವುದಿಲ್ಲ. ಕಾಲು ಕಂಬಿಗೆ ಸಿಕ್ಕಿ ಜಜ್ಜಿದರೂ “ಅಯ್ಯೋ” ಎನ್ನಲಾರರು. ಅವರ ಪರವಾಗಿ ನಮ್ಮ ಕಣ್ಣು ನೋಡಬೇಕು.

ಡ್ರಿಪ್ಪಿನ ಬಾಟ್ಲಿ ಕೈಗಿಂತ ಮೇಲಿರಬೇಕು, ಇಲ್ಲವಾದರೆ ನಳಿಕೆಯಲ್ಲಿ ರಕ್ತ ಹಿಂದಕ್ಕೆ ಬರುತ್ತದೆ. ಮೂತ್ರದ ಚೀಲ ಹೊಟ್ಟೆಗಿಂತ ಕೆಳಗಿರಬೇಕು. ಅದನ್ನು ಹೊಟ್ಟೆಯ ಮೇಲಿಟ್ಟು ಸಾಗಿಸಿದರೆ ಚೀಲದ ಮೂತ್ರ ವಾಪಸ್ಸು ಒಳಗೆ ಹರಿದು ನಂಜಾಗಬಹುದು. ನೆಲಕ್ಕೂ ತಾಗಬಾರದು. ಒಂದು ಮೇಲೆ, ಒಂದು ಕೆಳಗೆ: ಇಷ್ಟನ್ನು ನೆನಪಿಟ್ಟರೆ ಸಾಕು. ಮೈ ತುಂಬಾ ಹೊದಿಕೆ ಇರಲಿ. ಮರ್ಯಾದೆಗೂ ಬೇಕು, ಚಳಿಗೂ ಬೇಕು.

ಥಿಯೇಟರಿನಿಂದ ಹೊರಗೆ

ಆಪರೇಷನ್ ಮುಗಿದರೂ ರೋಗಿಯನ್ನು ತಕ್ಷಣ ವಾರ್ಡಿಗೆ ಕಳಿಸುವುದಿಲ್ಲ, ಪಕ್ಕದ ಕೋಣೆಯಲ್ಲಿ ಇಟ್ಟುಕೊಳ್ಳುತ್ತಾರೆ. ಹೊರಗೆ ಕಾಯುವ ನಮಗೆ ಗಾಬರಿ. “ಇನ್ನೂ ಯಾಕೆ ಬಿಟ್ಟಿಲ್ಲ?” ಎಂದು ಬಾಗಿಲು ಬಡಿಯುತ್ತೇವೆ. ಮತ್ತು ಇಳಿಯುವ ಹೊತ್ತಿನಲ್ಲಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟಬಹುದು, ವಾಂತಿಯಾಗಬಹುದು, ಬಿ.ಪಿ. ಇಳಿಯಬಹುದು. ಅದನ್ನು ನೋಡಿಕೊಳ್ಳಲೆಂದೇ ಇಟ್ಟುಕೊಂಡಿರುತ್ತಾರೆ. ಅವಸರ ಮಾಡದಿರೋಣ.

ವಾರ್ಡಿಗೆ ಬಂದ ಮೇಲೆ ಥಿಯೇಟರಿನವರು ವಾರ್ಡಿನ ಸಿಸ್ಟರಿಗೆ ರೋಗಿಯನ್ನು “ಒಪ್ಪಿಸಬೇಕು”: ಏನು ಆಪರೇಷನ್ ಆಯಿತು, ಯಾವ ಔಷಧಿ ಕೊಟ್ಟಿದೆ, ಮುಂದೆ ಯಾವುದು ಯಾವಾಗ, ರಕ್ತ ಎಷ್ಟು ಹೋಗಿದೆ ಎಂದು. ನಾವು ಮೂರು ಪ್ರಶ್ನೆ ಕೇಳಬಹುದು, ಕೇಳಲೇಬೇಕು: ನೀರು ಯಾವಾಗ ಕೊಡಬೇಕು? ಎಷ್ಟು ಹೊತ್ತು ಮಲಗಿರಬೇಕು? ಯಾವ ಲಕ್ಷಣ ಕಂಡರೆ ನಿಮ್ಮನ್ನು ಕರೆಯಬೇಕು?

ಮತ್ತು ಪೂರ್ತಿ ಇಳಿಯದವರಿಗೆ ಚಮಚದಲ್ಲಿ ನೀರು ಬಿಡಬೇಡಿ. ವಾಂತಿ ಬಂದರೆ ಪಕ್ಕಕ್ಕೆ ತಿರುಗಿಸಿ ಸಿಸ್ಟರನ್ನು ಕೂಗಿ. ಗೊರಗೊರ ಸದ್ದು, ತುಟಿ ನೀಲಿಯಾಗುವುದು, ಕರೆದರೆ ಮಾತಾಡದಿರುವುದು, ಬಟ್ಟೆ ತೊಯ್ಯುವಷ್ಟು ರಕ್ತ ಕಂಡರೆ ತಡಮಾಡದೆ ಓಡಿಹೋಗಿ ಹೇಳಿ. ಚಳಿಯಿಂದ ನಡುಗಿದರೆ ಕಂಬಳಿ ಹೊದಿಸಿ. ಕಾಲಿಗೆ ಬಿಸಿನೀರಿನ ಬಾಟ್ಲಿ ಇಡಬೇಡಿ, ಬಿಸಿ ಶಾಖ ಕೊಡಬೇಡಿ. ಜೋಮು ಹಿಡಿದ ಕಾಲಿಗೆ ಸುಡುವುದು ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ತಿಳಿಯುವುದು.

ಸಿಸೇರಿಯನ್ ಆದರೆ ಸಾಗಿಸುವ ಜೀವ ಎರಡು. ಅರೆ ಎಚ್ಚರದ ತಾಯಿಯ ತೋಳಿನಲ್ಲಿ ಕೂಸನ್ನಿಟ್ಟು ಸ್ಟ್ರೆಚರ್ ತಳ್ಳಬಾರದು. ಕೂಸಿನ ಕೈಪಟ್ಟಿಗೂ ತಾಯಿಯ ಕೈಪಟ್ಟಿಗೂ ಹೊಂದುತ್ತದೆಯೇ ಎಂದು ನೋಡಿಯೇ ಮಗುವನ್ನು ಕೈಗೆ ತೆಗೆದುಕೊಳ್ಳಿ. ತಲೆಗೂ ಸೇರಿಸಿ ಬೆಚ್ಚಗೆ ಸುತ್ತಿ.

ಮೊದಲ ಸಲ ಎಬ್ಬಿಸುವುದೂ ಒಂದು ಸಾಗಾಣಿಕೆಯೇ. ಡಾಕ್ಟರ್ ಹೇಳಿದ ಮೇಲೆ ಎಬ್ಬಿಸಿ, ಹೇಳಿದರೆ ತಡಮಾಡಬೇಡಿ. ಮಲಗಿಯೇ ಇದ್ದರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮೊದಲು ಪಕ್ಕಕ್ಕೆ ತಿರುಗಿ, ಆಮೇಲೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಕೂತು, ತಲೆ ಸುತ್ತದಿದ್ದರೆ ಮಾತ್ರ ನಿಲ್ಲಬೇಕು. ಮೊದಲ ಸಲ ಬಚ್ಚಲಿಗೆ ಒಬ್ಬರನ್ನೇ ಕಳಿಸಬೇಡಿ, ಚಿಲಕ ಹಾಕಿಕೊಳ್ಳಲು ಬಿಡಬೇಡಿ.

ಊರಿಗೆ ವಾಪಸ್ಸು

ಆಪರೇಷನ್ ಆದವರನ್ನು ಹೇಗೋ ಕಳಿಸಿಬಿಟ್ಟರೆ ಮುಗಿಯಿತು ಎನ್ನುವ ಮನಸ್ಸು ಎಷ್ಟು ಕೆಟ್ಟದ್ದು ಎಂಬುದಕ್ಕೆ ದೇಶದಲ್ಲಿ ಉದಾಹರಣೆಗಳಿವೆ. 2013ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಮಾಲ್ಡಾ ಜಿಲ್ಲೆಯಲ್ಲಿ, ಒಂದೇ ದಿನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನೂರಕ್ಕೂ ಹೆಚ್ಚು ಹೆಂಗಸರನ್ನು ಮತ್ತು ಇಳಿಯುವ ಮೊದಲೇ ಹೊರಗೆ ಬಯಲಿನಲ್ಲಿ ಮಲಗಿಸಿದ್ದು ಸುದ್ದಿಯಾಗಿತ್ತು. ಮುಂದೆ 2016ರಲ್ಲಿ ಸುಪ್ರೀಂ ಕೋರ್ಟು ಅಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸುವಂತೆ ಹೇಳಿತು. ಬಡವರ ಮೈಯೂ ಮೈಯೇ ಎಂದು ಕೋರ್ಟಿನವರೆಗೆ ಹೋಗಿ ಹೇಳಿಸಬೇಕಾಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದವರಿಗೆ, ಸಿಸೇರಿಯನ್ ಆದವರಿಗೂ ಸೇರಿ, ಮನೆಗೆ ಬಿಡುವ ವಾಹನ ಉಚಿತವಾಗಿ ಸಿಗಬೇಕು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದು ಹಕ್ಕು. ಕೇಳಿ ಪಡೆಯಿರಿ. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ ಶುರುವಾದ 108 ಆರೋಗ್ಯ ಕವಚ ಇರುವುದು ತುರ್ತಿಗೆ. ಮನೆಗೆ ಬಂದ ಮೇಲೆ ರಕ್ತಸ್ರಾವ, ಉಸಿರಾಟದ ಕಷ್ಟ ಕಂಡರೆ ಬಸ್ಸು ಕಾಯದೆ 108ಕ್ಕೆ ಫೋನ್ ಮಾಡಿ. ಜ್ವರ, ಒಂದೇ ಕಾಲು ಊದಿ ನೋಯುವುದು, ಗಾಯದಲ್ಲಿ ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ತೋರಿಸಿ.

ಹೊಟ್ಟೆಯ ಆಪರೇಷನ್ ಆದವರನ್ನು ಬೈಕಿನ ಹಿಂದೆ, ಟ್ರ್ಯಾಕ್ಟರಿನಲ್ಲಿ ಕರೆತರಬೇಡಿ. ಕಾರು ಅಥವಾ ಆಟೋ ಆದರೂ ನಿಧಾನ ಹೋಗಲಿ. ಹಂಪು ಬರುವಾಗ, ಕೆಮ್ಮು ಬಂದಾಗ ಹೊಟ್ಟೆಗೆ ಒಂದು ಸಣ್ಣ ದಿಂಬು ಒತ್ತಿ ಹಿಡಿದುಕೊಂಡರೆ ಹೊಲಿಗೆಗೆ ಆಧಾರ. ಡಿಸ್ಚಾರ್ಜ್ ಚೀಟಿಯನ್ನು ಅಲ್ಲೇ ಓದಿಸಿಕೊಂಡು ಹೊರಡಿ.

ಸಂಘ ಏನು ಮಾಡಬಹುದು?

ಸದಸ್ಯೆಯರಲ್ಲಿ ಯಾರಿಗಾದರೂ ಆಪರೇಷನ್ ನಿಗದಿಯಾದರೆ ಸಾಲ ಮಂಜೂರು ಮಾಡುವ ಅದೇ ಸಭೆಯಲ್ಲಿ ಜೊತೆಗೆ ಹೋಗುವ ಇಬ್ಬರ ಹೆಸರನ್ನೂ ಬರೆಯೋಣ. ಅವರ ಕೂಲಿ ತಪ್ಪುತ್ತದೆ, ಮನೆ ಕೆಲಸ ನಿಲ್ಲುತ್ತದೆ, ನಿಜ. ಸರದಿ ಹಾಕಿಕೊಂಡರೆ ಯಾರಿಗೂ ಭಾರವಾಗದು. ಒಬ್ಬರು ರೋಗಿಯ ಹತ್ತಿರ, ಒಬ್ಬರು ಕೇಳಲು, ಓಡಾಡಲು. ಸ್ಟ್ರೆಚರ್ ಬರದಿದ್ದರೆ ಮೊದಲು ವಾರ್ಡಿನ ಸಿಸ್ಟರ್, ಆಮೇಲೆ ಆಸ್ಪತ್ರೆಯ ಮೇಲಧಿಕಾರಿ. ಜಗಳ ಬೇಡ, ಗಟ್ಟಿ ದನಿ ಸಾಕು. ಸಿಸ್ಟರುಗಳು, ಆಯಾಗಳು ಕಡಿಮೆ ಜನ ಇಟ್ಟುಕೊಂಡು ಹಗಲೂ ರಾತ್ರಿ ದುಡಿಯುತ್ತಾರೆ ಎಂಬುದೂ ನೆನಪಿರಲಿ. ನಾವು ವಿಷಯ ತಿಳಿದು ಕೇಳಿದರೆ ಅವರಿಗೂ ಕೆಲಸ ಸುಲಭ.

ಉಳಿತಾಯದ ದುಡ್ಡಿನಿಂದ ಆಪರೇಷನ್ ಆಗುತ್ತದೆ. ಹೋದವರು ಕ್ಷೇಮವಾಗಿ ಮಂಚಕ್ಕೆ, ಮಂಚದಿಂದ ಮನೆಗೆ ಬರಬೇಕಾದರೆ ಜೊತೆಗೆ ಜನ ಬೇಕು. ಎರಡನ್ನೂ ಕೊಡುವ ಶಕ್ತಿ ನಮ್ಮ ಸಂಘಗಳಿಗಿದೆ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಈ ವರ್ಷ ಯಾರ ಮನೆಯಲ್ಲಿ ಆಪರೇಷನ್ ಇದೆ? ಜೊತೆಗೆ ಯಾರು ಹೋಗುತ್ತಾರೆ?
2. ಹೆಸರು, ಗಂಡನ ಹೆಸರು, ಒಗ್ಗದ ಔಷಧಿ ಬರೆದ ಚೀಟಿ ನಮ್ಮ ಮನೆಯ ಹಿರಿಯರ ಬಳಿ ಇದೆಯೇ?
3. ಬೆಡ್‌ಶೀಟ್ ಹಿಡಿದು “ಒಂದು, ಎರಡು, ಮೂರು” ಎಂದು ಸರಿಸುವುದನ್ನು ಸಭೆಯಲ್ಲೇ ಒಮ್ಮೆ ಒಬ್ಬರನ್ನು ಮಲಗಿಸಿ ಅಭ್ಯಾಸ ಮಾಡಿ ನೋಡೋಣವೇ?